ನೆರಳಿಲ್ಲದ ಮೋಡ

ಮೋಡ ಬಿಡಿಸುವುದು ಸುಲಭ; ಅದಕ್ಕೊಂದು ನೆರಳು ಹೊಂದಿಸುವುದೇ ಕಷ್ಟ. ಅವನು ಬೆಳಿಗ್ಗೆ ಬಂದವನೇ ಕುರ್ಚಿಯನ್ನು ತನ್ನ ಎತ್ತರಕ್ಕೆ ಏರಿಸಿಕೊಂಡ. ಸಂಜೆ ಅವನು ಹೋದಮೇಲೆ ಯಾರೋ ಅದರಲ್ಲಿ ಕೂತು ದಿನಾ ಕೆಳಕ್ಕಿಳಿಸಿ ಹೋಗುತ್ತಿದ್ದರು. ಯಾರು ಎಂದು ಕೇಳಲು ಇಷ್ಟು ವರ್ಷಗಳಲ್ಲಿ ಅವನಿಗೆ ಬಾಯಿ ಬಂದಿರಲಿಲ್ಲ. ಪರದೆ ಬೆಳಗಿತು. ನಿನ್ನೆ ಬಿಟ್ಟುಹೋದ ಚೌಕ ಬಿಟ್ಟಲ್ಲೇ ಇತ್ತು: ಉಪಗ್ರಹ ಮೇಲಿನಿಂದ ತೆಗೆದ ಒಂದು ಗುಡ್ಡಗಾಡಿನ ಚಿತ್ರ, ಎಡಕ್ಕೆ ಕೋಕೋ ತೋಟಗಳು, ಬಲಕ್ಕೆ ಕಾಡು, ನಡುವೆ ಹತ್ತಿ ಹಿಂಜಿ ಎಳೆದಂಥ ಒಂದು ಬಿಳಿ. ಆ ಬಿಳಿಯ ಸುತ್ತ ಗೆರೆ ಎಳೆದು ಮೋಡ ಎಂದು ನಿನ್ನೆಯೇ ಒತ್ತಿದ್ದ. ಒತ್ತಿದ ಕೂಡಲೇ ಕಂಪ್ಯೂಟರ್ ತನ್ನ ಪದ್ಧತಿಯಂತೆ ಕೇಳಿತ್ತು, ಇದರ ನೆರಳೆಲ್ಲಿ? ಮೋಡ ಅಂದಮೇಲೆ ನೆಲದ ಮೇಲೆ ನೆರಳು ಬಿದ್ದಿರಲೇಬೇಕು, ಅದನ್ನೂ ಗೆರೆ ಎಳೆದು ತೋರಿಸಬೇಕು, ತೋರಿಸದೆ ಚೌಕ ಮುಚ್ಚುವಂತಿಲ್ಲ. ಅವನು ತೋರಿಸದೆ ಮನೆಗೆ ಹೋಗಿದ್ದ. ಈಗ ಆ ಪ್ರಶ್ನೆ ಪರದೆಯ ಮೂಲೆಯಲ್ಲಿ ಮಿಣುಕುತ್ತ, ಬಾಗಿಲಲ್ಲಿ ನಿಂತ ಬೇಡದ ನೆಂಟನ ಹಾಗೆ ಕಾಯುತ್ತಿತ್ತು.

ಕೆಲಸ ಇಷ್ಟೇ. ದೂರದ ದೇಶಗಳಲ್ಲಿ ಚಾಕೊಲೇಟ್ ಮಾಡುವ ಕಂಪನಿಗಳಿಗೆ ಕೋಕೋ ಕಾಳು ಬೇಕು, ಎಷ್ಟು ಕೊಟ್ಟರೂ ಸಾಲದು. ಆದರೆ ಅದು ಕಾಡು ಕಡಿದು ಸುಟ್ಟ ನೆಲದಲ್ಲಿ ಬೆಳೆದ ಕಾಳಾಗಿರಬಾರದು. ಅಲ್ಲಿ ತಿನ್ನುವ ಜನ ಈಗೀಗ ಕೇಳುತ್ತಾರಂತೆ. ಹಾಗಾಗಿ ಈ ಆಫೀಸಿನವರು ಬಿಸಿಲು ದೇಶಗಳನ್ನೆಲ್ಲ ಚೌಕ ಚೌಕ ಮಾಡಿ ಹಂಚಿಕೊಂಡು, ಕಾಡಿಗೆ ಒಂದು ಬಣ್ಣ, ತೋಟಕ್ಕೆ ಒಂದು, ಬೋಳು ನೆಲಕ್ಕೆ ಒಂದು ಬಳಿಯುತ್ತಾರೆ. ಹೋದ ತಿಂಗಳು ಕಾಡಾಗಿದ್ದದ್ದು ಈ ತಿಂಗಳು ಬೋಳಾಗಿದ್ದರೆ ಆ ಊರಿಗೆ ಕೆಂಪು. ಕೆಂಪು ಬಿದ್ದ ಊರಿನ ಕಾಳನ್ನು ಯಾವ ಕಂಪನಿಯೂ ಮುಟ್ಟುವುದಿಲ್ಲ. ಮೋಡವೋ ಮೋಡದ ನೆರಳೋ ಮುಚ್ಚಿದ ಜಾಗಕ್ಕೆ ಮಾತ್ರ ಹೋದ ತಿಂಗಳ ಬಣ್ಣವೇ ಮುಂದುವರಿಯುತ್ತದೆ, ಕಾಣದ್ದಕ್ಕೆ ಯಾರನ್ನು ದೂರುವುದು? ಈ ನಿಯಮ ಮಾಡಿದವರು ಬುದ್ಧಿವಂತರೇ, ಎಲ್ಲವನ್ನೂ ಯೋಚಿಸಿದ್ದರು. ಮೋಡದ ಕೆಳಗೆ ಯಾರದಾದರೂ ಅಕ್ಕ ಇರಬಹುದು ಎಂಬುದೊಂದನ್ನು ಬಿಟ್ಟು.

ಆ ಬಿಳಿಯ ಅಂಚಿಗೆ ಒಂದು ಚುಕ್ಕೆ ಹೊಳೆಯುತ್ತಿತ್ತು. ಉಳಿದವರಿಗೆ ಅದು ಚುಕ್ಕೆ. ಅವನಿಗೆ ಅದು ಅಕ್ಕನ ಮನೆಯ ತಗಡಿನ ಚಾವಣಿ, ಕಾಳಿಗೆ ರೇಟು ಏರಿದ ವರ್ಷ ಭಾವ ಹಾಕಿಸಿದ್ದು. ಅದರ ಹಿಂದೆ ಕಡುಹಸಿರಿನ ಒಂದು ಮಡಿಕೆ, ಅದು ಹಳ್ಳ. ಆ ಹಳ್ಳದ ಬುಡದಲ್ಲಿ ಒಂದು ಒರತೆ ಇದೆ ಎಂದು ಯಾವ ಉಪಗ್ರಹಕ್ಕೂ ಗೊತ್ತಿಲ್ಲ. ರಜೆಗೆ ಹೋದಾಗ ಅವನು ಅಲ್ಲಿ ಮುಖ ತೊಳೆದಿದ್ದ, ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು, ಅಕ್ಕ ಕೊಡ ಮುಳುಗಿಸುತ್ತ, "ಈ ಮರಗಳು ಇರೋವರೆಗೆ ಇದು ಬತ್ತಲ್ಲ ಕಣೋ ಗೂಬೆ" ಎಂದಿದ್ದಳು. ಗೂಬೆ ಅವನೇ. ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಕಣ್ಣು ಇಷ್ಟಗಲ ಬಿಟ್ಟುಕೊಂಡು ನೋಡುತ್ತಿದ್ದವನನ್ನು ಸೊಂಟಕ್ಕೇರಿಸಿಕೊಂಡು ಬೆಳೆಸಿದವಳು ಅಕ್ಕ, ಆಗ ಅವಳಿಗೇ ಇನ್ನೊಬ್ಬರು ಜಡೆ ಹಾಕಬೇಕಿತ್ತು. ಹಸಿ ಸೌದೆ ಊದಿ ಊದಿ ಅಡುಗೆಮನೆಯೆಲ್ಲ ಹೊಗೆ ಕವಿದಾಗ ಮೊದಲು ಅವನನ್ನು ಹೊರಗೆ ಕೂರಿಸಿ ಬಂದು ಆಮೇಲೆ ತಾನು ಕೆಮ್ಮುತ್ತಿದ್ದಳು. ಹೊಗೆ ಅವನಿಗೆ ಗೊತ್ತಿಲ್ಲದ ವಸ್ತುವಲ್ಲ. ಅದು ಒಂದು ಬುಡದಿಂದ ಹುಟ್ಟುತ್ತದೆ, ಗಾಳಿ ಕರೆದತ್ತ ಬಾಲ ಬಿಡುತ್ತದೆ, ತುದಿಗೆ ಹೋದಂತೆ ನೀಲಿಯಾಗಿ ಕರಗುತ್ತದೆ. ಮೋಡಕ್ಕೆ ಬುಡವಿಲ್ಲ. ಮೋಡ ತನ್ನ ನೆರಳನ್ನು ಜೊತೆಗೆ ಕರೆದುಕೊಂಡೇ ತಿರುಗುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಎರಡು ತಿಂಗಳ ಹಿಂದೆ ಈ ಚೌಕದಲ್ಲಿ ಮೊದಲ ಬಿಳಿ ಕಂಡಾಗ ಕಂಪ್ಯೂಟರೇ ಕೇಳಿತ್ತು, ಮೋಡವೇ? ಅದು ಬೆಳ್ಳಗಿರುವುದನ್ನೆಲ್ಲ ಮೋಡವೇ ಎಂದು ಕೇಳುತ್ತದೆ, ಅದಕ್ಕೇನು ತಿಳಿಯುತ್ತದೆ ಪಾಪ. ಅವನು ಹೌದು ಎಂದು ಒತ್ತಿದ್ದ. ಕಣ್ಣು ನೋಡಿದ್ದಕ್ಕೂ ಬೆರಳು ಒತ್ತಿದ್ದಕ್ಕೂ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು ಇತ್ತಲ್ಲ, ಆ ಹೊತ್ತಿನಲ್ಲಿ ತನಗೆ ಗೊತ್ತಿತ್ತೇ ಇಲ್ಲವೇ ಎಂಬುದನ್ನು ಆಮೇಲೆ ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಹೆಂಡತಿ ಏನೋ ಹೇಳುತ್ತಿದ್ದಾಗ ಸುಮ್ಮನೆ ತಲೆಯಾಡಿಸುತ್ತ, ಎಷ್ಟೋ ಸಲ ತಿರುವಿ ಹಾಕಿ ನೋಡಿದ್ದ. ಗೊತ್ತಿರಲಿಲ್ಲ ಎಂದುಕೊಳ್ಳಬಹುದಿತ್ತು, ಆ ನೆರಳೊಂದು ಇಲ್ಲದಿದ್ದರೆ. ನೆರಳೆಲ್ಲಿ ಎಂದಾಗ ಅವನು ಹುಡುಕಿದ್ದ, ಇರಲಿಲ್ಲ. ಇಲ್ಲದ ನೆರಳನ್ನು ಆವತ್ತಿನ ಸೂರ್ಯನ ಕೋನಕ್ಕೆ ಸರಿಯಾಗಿ ಪಕ್ಕದ ಇಳಿಜಾರಿನ ಮೇಲೆ, ಬೆಳೆದು ನಿಂತ ಕಾಡಿನ ಮೇಲೆ, ಕೈಯಾರೆ ಬರೆದಿದ್ದ. ಮೋಡ ಎಂದದ್ದು ಕಣ್ಣಿನ ತಪ್ಪಿರಬಹುದು. ನೆರಳು ಬರೆದ ಕೈಗೆ ಏನೆನ್ನುವುದು? ಅಕ್ಕನಿಗೋಸ್ಕರ ಅಂದುಕೊಂಡ. ಅಕ್ಕ ಕೇಳಿರಲಿಲ್ಲ. ಮುಂದಿನ ತಿಂಗಳು ಚೌಕ ತೆರೆದರೆ ಅವನು ನೆರಳು ಬರೆದ ಅದೇ ಇಳಿಜಾರಿನಿಂದ ಬಿಳಿ ಏಳುತ್ತಿತ್ತು. ಮೊದಲನೆಯದನ್ನು ಮೋಡ ಅಂದವನು ಎರಡನೆಯದನ್ನು ಹೊಗೆ ಅನ್ನುವುದು ಹೇಗೆ? ಮತ್ತೆ ಮೋಡ ಅಂದ, ಮತ್ತೊಂದು ನೆರಳು ಬರೆದ, ಸ್ವಲ್ಪ ಆಚೆಗೆ, ದಿಣ್ಣೆಯ ಮೇಲೆ. ಈ ತಿಂಗಳು ದಿಣ್ಣೆ ಉರಿಯುತ್ತಿತ್ತು. ತಾನು ನೆರಳು ಬರೆದಲ್ಲಿಗೇ ಬೆಂಕಿ ನಡೆದುಕೊಂಡು ಬರುತ್ತಿದೆ ಎಂಬ ಯೋಚನೆ ಶುದ್ಧ ಹುಚ್ಚು ಎಂದು ಅವನಿಗೂ ಗೊತ್ತಿತ್ತು, ಓದಿದವನು. ಆದರೂ ಈ ಸಲದ ಬಿಳಿಗೆ ನೆರಳು ಎಲ್ಲಿ ಬೀಳಬೇಕು ಎಂದು ಲೆಕ್ಕ ಹಾಕಿ ನೋಡಿದಾಗ ನಿನ್ನೆ ಅವನ ಬೆರಳು ತಣ್ಣಗಾಗಿತ್ತು. ಅದು ಸರಿಯಾಗಿ ಹಳ್ಳದ ಮೇಲೆ ಬೀಳುತ್ತಿತ್ತು.

"ಏನಪ್ಪಾ, ಬೆಳಿಗ್ಗೆ ಬೆಳಿಗ್ಗೆನೇ ಮೋಡ ಕವಿದಿದೆ?" ಹಿಂದಿನಿಂದ ದನಿ ಬಂತು. ಅವನು ಬೆಚ್ಚಿ ಬಿದ್ದು ಚಿತ್ರವನ್ನು ಚಿಕ್ಕದು ಮಾಡಿದ. ಎರಡನೇ ಕಣ್ಣು ಬಂದಿದ್ದರು. ಒಬ್ಬರು ಬಣ್ಣ ಬಳಿದ ಚೌಕವನ್ನು ಇನ್ನೊಬ್ಬರು ನೋಡಿ ಸರಿ ಅನ್ನಬೇಕೆಂಬ ನಿಯಮವಿತ್ತು. ಅವನ ಚೌಕಗಳನ್ನು ನೋಡುವವರು ಈಕೆ, ಅದಕ್ಕೇ ಆಫೀಸೆಲ್ಲ ಎರಡನೇ ಕಣ್ಣು ಎಂದೇ ಕರೆಯುತ್ತಿತ್ತು. ಹಣೆಯ ಮೇಲೆ ಒಂದು ಕನ್ನಡಕ, ಮೂಗಿನ ಮೇಲೆ ಒಂದು. "ನಿನ್ನ ಮುಖಾನ ಹೇಳಿದ್ದು ಕಣಯ್ಯ, ಪರದೇನಲ್ಲ. ಯಾಕೆ ಹಾಗೆ ಗಾಬರಿ ಬೀಳ್ತೀಯ?"

"ಏನಿಲ್ಲ ಮೇಡಂ. ನಿದ್ದೆ ಸರಿಯಾಗಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡು ನೋಡಿದ ಹಾಗಿದೆ ನೀನು ಕೂತಿರೋದು." ಅವರು ನಕ್ಕು ತಮ್ಮ ಚೀಲ ಇಳಿಸಿ, ಒಂದು ಕನ್ನಡಕ ಒರೆಸಿ ಇನ್ನೊಂದನ್ನು ಹಾಕಿಕೊಂಡು, ಸುಮ್ಮನೆ ಎಂಬಂತೆ ಹೇಳಿದರು, "ನಿನ್ನ ಆ ಗುಡ್ಡದ ಮೋಡ ಇದ್ಯಲ್ಲ, ಅದು ಪ್ರತಿ ತಿಂಗಳೂ ಅಲ್ಲಲ್ಲೇ ಮಲ್ಕೊಳ್ಳತ್ತೆ. ಆಲಸಿ ಮೋಡ." ಅವನೂ ನಗಬೇಕೆಂದುಕೊಂಡ, ತುಟಿ ಎಳೆದ, ನಗು ಬರಲಿಲ್ಲ. ಈ ಮಾತಿಗೆ ಒಂದೇ ಅರ್ಥವೇ, ಎರಡೇ? ಅವರು ಆಗಲೇ ಅತ್ತ ತಿರುಗಿ ಮಗಳಿಗೆ ಫೋನಿನಲ್ಲಿ ಔಷಧಿ ಎಲ್ಲಿದೆ ಎಂದು ಹೇಳುತ್ತಿದ್ದರು. ಅವನು ತನ್ನ ಅಂಗಿ ನೋಡಿಕೊಂಡ, ಹೊಟ್ಟೆಯ ಹತ್ತಿರ ಒಂದು ಗುಂಡಿ ಇರಲಿಲ್ಲ. ಇವತ್ತೇ ಇಲ್ಲದೆ ಹೋಗಬೇಕೇ ಅದು. ಚಾಕೊಲೇಟ್ ಕಂಪನಿಯವರು ಇವತ್ತು ಬರುವವರಿದ್ದರು.

ಅವರು ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೂ ನಗುಮುಖದವರು, ಇಬ್ಬರಿಗೂ ಸೆಕೆ. ಅವರ ಹಿಂದೆ ಮುಂದೆ ಮ್ಯಾನೇಜರು ಓಡಾಡಿದ. ಅವನ ಹೆಸರು ಏನೇ ಇರಲಿ, ಎಲ್ಲರ ಬಾಯಲ್ಲೂ ಅವನು ಗಡಿಬಿಡಿ. ಬಂದವರು ಎಲ್ಲರ ಮೇಜಿನ ಮೇಲೂ ಒಂದೊಂದು ಪುಟ್ಟ ಪೆಟ್ಟಿಗೆ ಇಟ್ಟರು, ಮೇಲೆ ಒಂದು ಮರ, ಮರದ ಮೇಲೆ ಒಂದು ಬಣ್ಣದ ಹಕ್ಕಿ. ತಿನ್ನಿ ತಿನ್ನಿ ಎಂದು ಕೈಸನ್ನೆ ಮಾಡಿದರು. ಅವನು ಒಂದನ್ನು ಬಾಯಿಗೆ ಹಾಕಿಕೊಂಡ. ಅಕ್ಕನ ಅಂಗಳದಲ್ಲಿ ಹರಡಿದ ಕಾಳಿನ ಹುಳಿ ವಾಸನೆ, ಅವಳ ಉಗುರಿನ ಸಂದಿಯ ಕಪ್ಪು, ಅದನ್ನೆಲ್ಲ ನಾಲಗೆ ಹುಡುಕಿತು. ಬರೀ ಸಿಹಿ ಸಿಕ್ಕಿತು. ಅಕ್ಕ ಇದನ್ನು ತಿಂದಿದ್ದಾಳೆಯೇ? ಒಮ್ಮೆ ಅವನೇ ಕೊಂಡುಹೋಗಿದ್ದ, ಅವಳು ಅರ್ಧ ತಿಂದು "ಇದಕ್ಕಾ ಇಷ್ಟೆಲ್ಲಾ?" ಎಂದು ಉಳಿದದ್ದನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟಿದ್ದಳು. ಬಂದ ಹೆಂಗಸು ಬಹಳ ಹೊತ್ತು ಮಾತಾಡಿದಳು, ಎದೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು. ಗಡಿಬಿಡಿ ಅದನ್ನು ಹಿಂಡಿ ಇಷ್ಟು ಮಾಡಿ ಹೇಳಿದ: "ಬರೋ ವರ್ಷ ಇನ್ನೂ ಹೆಚ್ಚು ಕಾಳು ಬೇಕಂತೆ. ಆದ್ರೆ ಒಂದು ಮರಾನೂ ಬೀಳಬಾರದಂತೆ. ನಮ್ಮ ಮೇಲೆ ಪೂರ್ತಿ ನಂಬಿಕೆ ಇಟ್ಟಿದಾರಂತೆ."

"ನೆಂಟರ ಮೇಲೂ ಪ್ರೀತಿ, ಅಕ್ಕಿ ಮೇಲೂ ಆಸೆ" ಎಂದು ಎರಡನೇ ಕಣ್ಣು ಪಕ್ಕದಲ್ಲಿ ಗೊಣಗಿದರು.

ಆಮೇಲೆ ಆದದ್ದು ಯಾರ ತಪ್ಪೂ ಅಲ್ಲ. ಗಡಿಬಿಡಿಗೆ ಒಂದು ಹುಮ್ಮಸ್ಸು ಬಂತು, ಅವನನ್ನು ತೋಳು ಹಿಡಿದು ಮುಂದೆ ಎಳೆದು, ಇವನ ಸ್ವಂತ ಅಕ್ಕ ಕೋಕೋ ಬೆಳೆಯುವವಳು, ಆ ಊರಿನ ಒಂದೊಂದು ಮರವೂ ಇವನಿಗೆ ಗೊತ್ತು ಎಂದು ಪರಿಚಯ ಮಾಡಿಸಿದ. ಹೆಂಗಸು ಬಾಯಿ ತೆರೆದು ಆಶ್ಚರ್ಯಪಟ್ಟಳು. ಅಕ್ಕನ ಮನೆ ನೋಡಬೇಕು, ತೋರಿಸಲಿ ಎಂದಳು. ಅವನು ಗುಂಡಿ ಇಲ್ಲದ ಜಾಗಕ್ಕೆ ಕೈ ಅಡ್ಡ ಹಿಡಿದು ನಿಂತಿದ್ದ. ಆ ಕೈಯಿಂದಲೇ ಮೌಸ್ ಹಿಡಿಯಬೇಕಾಯಿತು. ಗೋಡೆಯಗಲದ ಪರದೆಯ ಮೇಲೆ ಚೌಕ ತೆರೆದುಕೊಂಡಿತು. ಇಷ್ಟು ದೊಡ್ಡದಾಗಿ ಅವನು ಅದನ್ನು ಎಂದೂ ನೋಡಿರಲಿಲ್ಲ. ಬಿಳಿ ಗೋಡೆಯುದ್ದಕ್ಕೂ ಹರಿದಿತ್ತು, ಅದರ ಬುಡ ಕಾಣುತ್ತಿತ್ತು, ಬಾಲ ಕಾಣುತ್ತಿತ್ತು, ಅಕ್ಕನ ಚಾವಣಿ ಅಂಗೈಯಗಲ ಹೊಳೆಯುತ್ತಿತ್ತು, ಮೂಲೆಯಲ್ಲಿ ಆಳುದ್ದ ಅಕ್ಷರದಲ್ಲಿ ಪ್ರಶ್ನೆ ಮಿಣುಕುತ್ತಿತ್ತು: ನೆರಳೆಲ್ಲಿ? ಕೋಣೆಯಲ್ಲಿ ಇರುವವರೆಲ್ಲರಿಗೂ ಗೊತ್ತಾಯಿತು, ಮುಗಿಯಿತು ಕಥೆ ಎಂದು ಅವನ ಕಿವಿ ಗುಂಯ್ ಎಂದಿತು. ಒಂದು ರೀತಿಯ ನಿರಾಳವೂ ಆ ಗುಂಯ್‌ನಲ್ಲಿ ಇತ್ತು. ಆದರೆ ಹೆಂಗಸು, ಅಯ್ಯೋ ಮೋಡ ಅಡ್ಡ ಬಂದಿದೆ ಎಂದು ಪೇಚಾಡಿದಳು. ಆ ಪ್ರಶ್ನೆ ಏನು ಎಂದು ಕೇಳಿದಳು. "ತೋರಿಸಪ್ಪ, ನಾವು ಎಷ್ಟು ಹುಷಾರಾಗಿ ಕೆಲಸ ಮಾಡ್ತೀವಿ ಅಂತ ಅವರೂ ನೋಡ್ಲಿ" ಎಂದ ಗಡಿಬಿಡಿ. "ನೆರಳು ಹಾಕಿ ಮುಚ್ಚು."

ಇದು ಹೊಗೆ ಅನ್ನಬಹುದಿತ್ತು. ನಾಲಗೆಗೆ ಇನ್ನೂ ಸಿಹಿ ಅಂಟಿತ್ತು. ಅಂದರೆ ಊರಿಗೆ ಕೆಂಪು, ಅಕ್ಕನ ಅಂಗಳದ ಕಾಳು ಅಲ್ಲೇ ಬೂಸಲು, ಭಾವನ ಮುಖ. ಅನ್ನದಿದ್ದರೆ ಏನೂ ಆಗುವುದಿಲ್ಲ, ಎಂದಿನಂತೆ. ಒಮ್ಮೆ ಎರಡನೇ ಕಣ್ಣಿನ ಕಡೆ ನೋಡಿದ. ಅವರು ಎರಡೂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಅವನ ಕೈ ಸೂರ್ಯನ ಕೋನ ಹಿಡಿಯಿತು, ಎಷ್ಟು ದೂರ ಎಂದು ಅಳೆಯಿತು, ಹಳ್ಳದ ಅಂಚಿನಿಂದ ಹೊರಟು, ಒರತೆ ಇರುವಲ್ಲಿ ಬಳಸಿ, ಮರಗಳ ನೆತ್ತಿಯ ಮೇಲೆ ಒಂದು ಸುತ್ತು ಬಂದು ಗೆರೆಯನ್ನು ಗೆರೆಗೆ ಕೂಡಿಸಿತು. ಹಸಿರು ಹಳ್ಳ ಬೂದಿ ಬಣ್ಣವಾಯಿತು. ಚೌಕ ಮುಚ್ಚಿತು. ಹೆಂಗಸು ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು, ಅವನು ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಲೆ ಬಗ್ಗಿಸಿ ತನ್ನ ಜಾಗಕ್ಕೆ ಬಂದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಕನಿಷ್ಠ ಬೆಕ್ಕಿಗಾದರೂ ಹಾಲು ಸಿಗುತ್ತದೆ. ಇವನಿಗೆ ಸಿಕ್ಕಿದ್ದು ಆ ಚಪ್ಪಾಳೆ.

ಊಟದ ಹೊತ್ತಿಗೆ ಫೋನ್ ಬಂತು. ಅವನು ಡಬ್ಬಿಯನ್ನು ಹಾಗೇ ಬಿಟ್ಟು, ಯಾರೂ ಹತ್ತದ ಹಿಂದಿನ ಮೆಟ್ಟಿಲಿಗೆ ಹೋದ. ಅಕ್ಕ ಹಗಲು ಹೊತ್ತು ಫೋನ್ ಮಾಡುವವಳಲ್ಲ. ಅವಳದೊಂದು ಅಭ್ಯಾಸವಿತ್ತು, ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದು ಆಕಾಶ ನೋಡಿ ಒಮ್ಮೆ ಕೈ ಬೀಸುವುದು. ಇವನು ಮೇಲಿಂದ ನೋಡುವ ಕೆಲಸ ಎಂದು ಹೇಳಿದ ದಿನದಿಂದ ಶುರುವಾದದ್ದು. ವಾರಕ್ಕೊಮ್ಮೆ ಮಾತಾಡುವಾಗ, "ಕಂಡ್ನೇನೋ?" ಅನ್ನುತ್ತಿದ್ದಳು; "ಕಂಡೆ ಅಕ್ಕ, ಹಸಿರು ಸೀರೆ" ಅನ್ನುತ್ತಿದ್ದ; "ನೀಲಿ ಕಣೋ ಕುರುಡ" ಎಂದು ನಗುತ್ತಿದ್ದಳು. ಚಿತ್ರ ಬರುವಷ್ಟರಲ್ಲಿ ದಿನಗಳೇ ಕಳೆದಿರುತ್ತವೆ, ಅದರಲ್ಲಿ ಮನುಷ್ಯರು ಚುಕ್ಕೆಯಷ್ಟೂ ಕಾಣುವುದಿಲ್ಲ ಎಂದು ಅವನು ಹೇಳಿರಲಿಲ್ಲ. ಹೇಳಿದರೆ ಅವಳು ಕೈ ಬೀಸುವುದನ್ನು ಬಿಟ್ಟುಬಿಡುತ್ತಾಳೆ ಎಂದು ಹೇಳಿರಲಿಲ್ಲ. ಆ ಕೈ ಅವನಿಗೆ ಬೇಕಿತ್ತು.

"ಗೂಬೆ, ಆಫೀಸಲ್ಲೇ ಇದೀಯಾ?" ಅಕ್ಕನ ದನಿ ಎಂದಿನದಾಗಿರಲಿಲ್ಲ, ಬೇಕೆಂದೇ ದೊಡ್ಡದು ಮಾಡಿದಂತಿತ್ತು. ಹಿಂದೆ ಎಲ್ಲೋ ಮೋಟಾರು ಬೈಕನ್ನು ಒದ್ದು ಒದ್ದು ಶುರು ಮಾಡುತ್ತಿದ್ದಂಥ ಸದ್ದು, ಹತ್ತಿಕೊಳ್ಳದೆ ಆರಿಹೋಗುತ್ತಿತ್ತು.

"ಹೂಂ ಅಕ್ಕ. ಏನಾಯ್ತು?"

"ಏನೂ ಆಗಿಲ್ಲ. ಇವತ್ತು ನಮ್ಮೂರನ್ನ ನೋಡಿದ್ಯಾ ಮೇಲಿಂದ?"

"ನೋಡಿದೆ."

"ಏನು ಕಾಣ್ಸ್ತು, ಹೇಳು. ಗಟ್ಟಿಯಾಗಿ ಹೇಳು."

ಅಕ್ಕ ಭಯಪಟ್ಟಿದ್ದಾಳೆ, ತಾವು ಸುಟ್ಟದ್ದು ಕಂಡುಬಿಟ್ಟಿತೇ ಎಂದು ಕೇಳುತ್ತಿದ್ದಾಳೆ, ಸಮಾಧಾನ ಹೇಳಬೇಕು ಎಂದು ಅವನಿಗೆ ತೋರಿತು. ಹೊಸ ಬೂದಿ ನೆಲ ಗೊಬ್ಬರ ಕೇಳುವುದಿಲ್ಲ, ಹಳೇ ಗಿಡಗಳು ಸೋತಿವೆ, ದಲ್ಲಾಳಿ ಬಂದು ಅಲ್ಲಿಯವರು ಇನ್ನೂ ಇನ್ನೂ ಕೇಳುತ್ತಿದ್ದಾರೆ ಅನ್ನುತ್ತಾನೆ ಎಂದು ಹೋದ ಸಲ ಅವಳೇ ಹೇಳಿದ್ದಳಲ್ಲ. ಅವಳು ಹೊಗೆಯಿಂದ ಹೊರಗೆ ಕೂರಿಸಿದ ಮಗು ಈಗ ಅವಳನ್ನು ಹೊರಗೆ ಕೂರಿಸಬೇಕು. "ಏನೂ ಕಾಣ್ಲಿಲ್ಲ ಅಕ್ಕ" ಎಂದ, ಅವಳು ಕೇಳಿದಷ್ಟೇ ಗಟ್ಟಿಯಾಗಿ. "ನೀನು ಹೆದರ್ಕೋಬೇಡ. ಮೋಡ ಇತ್ತು. ನಿಮ್ಮೂರ ಮೇಲೆ ಪೂರ್ತಿ ಮೋಡ. ಮೂರು ತಿಂಗಳಿಂದ ಏನೂ ಕಾಣ್ತಾ ಇಲ್ಲ."

ಆ ಕಡೆ ಗಂಡಸರು ನಕ್ಕರು. ಒಬ್ಬರಲ್ಲ, ಹಲವರು, ಬಯಲಿನಲ್ಲಿ ನಿಂತು ನಗುವ ನಗು. ಯಾರೋ "ಕೇಳಿದ್ಯೇನಮ್ಮ, ಮೋಡವಂತೆ" ಎಂದರು. ಅವಳ ಫೋನು ಸ್ಪೀಕರಿನಲ್ಲಿತ್ತು ಎಂಬುದು ಅವನಿಗೆ ಆಗ ಹೊಳೆಯಿತು. ಮೆಟ್ಟಿಲಿನ ಕಂಬಿ ಹಿಡಿದುಕೊಂಡ.

"ಅಕ್ಕ, ಯಾರದು? ಯಾರಿದಾರೆ ಅಲ್ಲಿ?"

ಅವಳು ಸ್ಪೀಕರ್ ತೆಗೆದಳೇನೋ, ದನಿ ಹತ್ತಿರವಾಯಿತು, ಚಿಕ್ಕದಾಯಿತು. "ಹಳ್ಳಕ್ಕೆ ಕೈ ಹಾಕ್ತೀವಿ ಅಂತ ಬಂದಿದಾರೆ ಕಣೋ. ದಲ್ಲಾಳಿ ಬಂದಿದಾನೆ, ನಿಮ್ಮ ಭಾವಾನೂ ಅವ್ರ ಜೊತೆಗೇ ನಿಂತಿದಾರೆ. ಅದನ್ನ ಮುಟ್ಟಿದ್ರೆ ನೀರು ಹೋಗತ್ತೆ ಅಂದೆ, ಕೇಳಲಿಲ್ಲ. ನನ್ನ ತಮ್ಮ ಮೇಲಿಂದ ನೋಡ್ತಿದಾನೆ, ಒಂದು ಮರ ಬಿದ್ರೂ ಅವನಿಗೆ ಕಾಣತ್ತೆ, ಆಮೇಲೆ ನಿಮ್ಮ ಒಂದು ಕಾಳೂ ಮಾರಾಟ ಆಗಲ್ಲ ಅಂದೆ. ಮೂರು ಸಲ ಸುಟ್ಟಿದೀವಿ, ಕೆಂಪು ಪಟ್ಟಿಯಲ್ಲಿ ನಮ್ಮೂರು ಬಂದಿಲ್ಲ, ನಿನ್ನ ತಮ್ಮ ಏನು ನೋಡ್ತಾನೆ ಅಂತ ನಕ್ರು. ಅವನನ್ನೇ ಕೇಳಿ ಅಂದೆ." ಅವಳು ಉಸಿರು ತೆಗೆದುಕೊಂಡಳು. "ಅಲ್ಲ ಕಣೋ, ಮೋಡ ಅಂದ್ಯಲ್ಲ. ಇಲ್ಲಿ ಮೂರು ತಿಂಗಳಿಂದ ಒಂದು ತುಂಡು ಮೋಡ ಇಲ್ವಲ್ಲೋ. ಆಕಾಶ ಒಣಗಿ ಬಿದ್ದಿದೆ."

ಅವನು ಏನೋ ಹೇಳಲು ಹೋದ. ಲೈನ್ ಹೋಗಿತ್ತು. ಒಂದು ತುಂಡು ಮೋಡ ಇಲ್ಲ. ಇದು ಒಣ ಕಾಲ, ಅದಕ್ಕೇ ಸುಡುತ್ತಾರೆ, ಅದು ಆ ಊರಿನ ಕೂಸಿಗೂ ಗೊತ್ತು. ಈ ಆಫೀಸಿನಲ್ಲಿ ಗೊತ್ತಿರಬೇಕಾದವನು ಅವನೊಬ್ಬನೇ ಇದ್ದ. ಅವಳು ಇಷ್ಟು ದಿನ ಒಬ್ಬಳೇ ಆ ಗಂಡಸರ ಎದುರು ನಿಂತು ಅವನನ್ನು ತೋರಿಸುತ್ತಿದ್ದಳು, ಆಕಾಶದಲ್ಲಿ ಬೆರಳಿಟ್ಟು. ಅವಳ ಹತ್ತಿರ ಬೇರೆ ಯಾವ ಬಲ ಇತ್ತು? ನಾಚಿಕೆ ಎಂದರೆ ಮುಖ ಬಿಸಿಯಾಗುವುದು ಎಂದುಕೊಂಡಿದ್ದ. ಈಗ ಮೈಯೆಲ್ಲ ತಣ್ಣಗಾಯಿತು. ಅವನು ಮೆಟ್ಟಿಲು ಹತ್ತಿದ, ನಡುವೆ ಒಂದು ಕಡೆ ಎಡವಿದ, ಯಾರೂ ನೋಡಲಿಲ್ಲ.

ಎರಡನೇ ಕಣ್ಣು ಊಟ ಮುಗಿಸಿ ಡಬ್ಬಿ ಕಟ್ಟುತ್ತಿದ್ದರು. ಮುಚ್ಚಿದ ಚೌಕವನ್ನು ತೆರೆಯಬೇಕಾದರೆ ಅವರ ಒಪ್ಪಿಗೆ ಬೇಕು. ಅವನು ಹೇಗೆ ಶುರು ಮಾಡುವುದೆಂದು ತಿಳಿಯದೆ ಅವರ ಮೇಜಿನ ಅಂಚು ಹಿಡಿದು ನಿಂತ. "ಮೇಡಂ, ಆ ಚೌಕ ತೆರೀಬೇಕು. ಅದು ಮೋಡ ಅಲ್ಲ."

"ಗೊತ್ತು" ಎಂದರು ಅವರು, ಡಬ್ಬಿಯ ಗಂಟು ಬಿಗಿಯುತ್ತ.

"ಗೊತ್ತಾ?"

"ನೆರಳಿಲ್ಲ ಅಂತ ಮೊದಲನೇ ಸಲಾನೇ ಕಾಣ್ತು. ಕಣ್ಣು ಮಂಜಾಗಿರಬಹುದು, ಅಷ್ಟು ಮಂಜಾಗಿಲ್ಲ."

"ಮತ್ತೆ ಯಾಕೆ ಸರಿ ಅಂತ ಒತ್ತಿದ್ರಿ?"

ಅವರಿಗೆ ಸಿಟ್ಟು ಬಂತು. "ಯಾಕೆ ಅಂದ್ರೆ? ಆವತ್ತು ನನ್ನ ಮಗಳನ್ನ ಆಸ್ಪತ್ರೆಗೆ ಸೇರಿಸಿದ್ದಾಗ ನನ್ನ ಪಾಲಿನ ಕೆಲಸಾನೆಲ್ಲ ಯಾರು ಮಾಡಿಕೊಟ್ರು? ನಿನ್ನ ಅಕ್ಕನ ಊರು ಅಂತ ನಂಗೆ ಗೊತ್ತಿತ್ತು. ನಿನ್ನ ಕೇಳಿ ನಿನ್ನ ಮುಖ ಹೇಗೆ ನೋಡ್ಲಿ? ನೀನೇ ಒಂದಿನ ಹೇಳ್ತೀಯ ಅಂತಿದ್ದೆ." ಇಷ್ಟು ಹೇಳಿ ಕನ್ನಡಕ ಏರಿಸಿಕೊಂಡು ಪರದೆಗೆ ತಿರುಗಿದರು. ಅವನಿಗೆ ಕೂರಬೇಕೆನಿಸಿತು. ಮೂರು ತಿಂಗಳು ಅವನು ಬಚ್ಚಿಟ್ಟುಕೊಂಡು ನವೆದದ್ದನ್ನು ಒಬ್ಬರು ಪಕ್ಕದಲ್ಲೇ ಕೂತು, ಚಹಾ ಕುಡಿಯುತ್ತ, ಮರ್ಯಾದೆಗೆ ನೋಡದ ಹಾಗೆ ಇದ್ದರು. ಅವನು ಕಳ್ಳನೂ ಆಗಿರಲಿಲ್ಲ, ಪಾಪ ಎನಿಸಿಕೊಂಡವನಾಗಿದ್ದ. "ಇದನ್ನ ತೆಗೆದ್ರೆ ಹಿಂದಿನ ಎರಡೂ ತೆರ್ಕೊಳ್ಳತ್ತೆ" ಎಂದರು ಅವರು. "ಅಲ್ಲಿ ನನ್ನ ಹೆಸರೂ ಇದೆ. ನಿನ್ನ ಅಕ್ಕನ ಊರು ಪೂರ್ತಿ ಕೆಂಪಾಗತ್ತೆ. ಗಡಿಬಿಡಿ ಬೆಳಿಗ್ಗೆ ಚಪ್ಪಾಳೆ ಹೊಡೆದವರ ಮುಂದೆ ತಲೆ ಎತ್ತೋ ಹಾಗಿರಲ್ಲ. ಯೋಚನೆ ಮಾಡಿದೀಯಾ?"

"ಇಲ್ಲ" ಎಂದ ಅವನು. ಅದು ನಿಜವಾಗಿತ್ತು.

ಅವರು ಅವನನ್ನು ಒಂದು ಕ್ಷಣ ನೋಡಿದರು. "ಆಯ್ತು, ಕೂತ್ಕೋ" ಎಂದು ಚೌಕ ತೆರೆದುಕೊಟ್ಟರು.

ಮೊದಲು ಅವನು ನೆರಳನ್ನು ಅಳಿಸಿದ. ಬೂದಿಯ ಕೆಳಗಿಂದ ಹಳ್ಳ ಮತ್ತೆ ಹಸಿರಾಗಿ ಎದ್ದಿತು, ಒಂದೊಂದು ಮರದ ನೆತ್ತಿಯೂ ಬೇರೆ ಬೇರೆ ಕಾಣುವಷ್ಟು. ಆಮೇಲೆ ಮೋಡ ಎಂಬುದನ್ನು ತೆಗೆದು ಹೊಗೆ ಎಂದು ಮಾಡಿದ. ಹಿಂದಿನ ತಿಂಗಳು? ಹೊಗೆ. ಅದರ ಹಿಂದಿನದು? ಹೊಗೆ. ಪ್ರತಿ ಸಲ ಒತ್ತುವಾಗಲೂ ಬೆರಳು ತಡೆಯಿತು, ಪ್ರತಿ ಸಲವೂ ಅಕ್ಕನ ಅಂಗಳದ ಕಾಳು ಕಣ್ಣಿಗೆ ಬಂತು. ಕೆಂಪು ದಿಣ್ಣೆಯಿಂದ ಶುರುವಾಗಿ ಇಳಿಜಾರು ಇಳಿದು, ತೋಟಗಳನ್ನು ದಾಟಿ, ಊರನ್ನೆಲ್ಲ ಮುಚ್ಚಿತು. ತಗಡಿನ ಚುಕ್ಕೆಯೂ ಅದರಲ್ಲಿ ಮುಳುಗಿತು. ಕೊನೆಗೆ ಆ ಕೆಂಪಿನ ನಡುವೆ ಹಳ್ಳವೊಂದೇ ಹಸಿರು ಉಳಿಯಿತು. ಎರಡನೇ ಕಣ್ಣು ಸರಿ ಎಂದು ಒತ್ತಿ, ನೀರು ಕುಡಿಯಲು ಎದ್ದು ಹೋದರು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ಇಳಿದದ್ದು ಎಲ್ಲಿ ಬಿತ್ತು ಎಂದು ನೋಡಲು ಹೆದರಿಕೆಯಾಯಿತು.

ಅವನು ಕೂತಲ್ಲಿಂದಲೇ ಫೋನ್ ಮಾಡಿದ, ಯಾರು ಕೇಳಿದರೂ ಕೇಳಲಿ ಎಂದು. ಬಹಳ ಹೊತ್ತು ರಿಂಗಾಯಿತು. ಎತ್ತುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ ಎತ್ತಿದಳು.

"ಅಕ್ಕ, ಸ್ಪೀಕರ್ ಹಾಕು. ಎಲ್ಲರಿಗೂ ಕೇಳೋ ಹಾಗೆ ಹಾಕು." ಅವಳು ಹಾಕಿದಳೋ ಇಲ್ಲವೋ, ಅವನು ಗಟ್ಟಿಯಾಗಿ ಹೇಳತೊಡಗಿದ, ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. "ನಾನು ನೋಡಿದೀನಿ. ಮೋಡ ಅಂದಿದ್ದು ಸುಳ್ಳು. ಮೊದಲನೇ ದಿನದಿಂದ ಎಲ್ಲಾ ಕಂಡಿದೆ, ಎಲ್ಲಾ ಬರೆದು ಕಳ್ಸಿದೀನಿ. ನಿಮ್ಮೂರಿಗೆ ಕೆಂಪು ಬಿದ್ದಿದೆ. ಇನ್ನು ನಿಮ್ಮ ಕಾಳನ್ನ ಯಾರೂ ತಗೊಳ್ಳಲ್ಲ. ಹಳ್ಳ ಕಡಿದು ಬೆಳೆದ್ರೂ ತಗೊಳ್ಳಲ್ಲ. ಅದನ್ನ ಮುಟ್ಟಬೇಡಿ ಅಂತ ಹೇಳು. ನನ್ನ ತಮ್ಮ ನೋಡ್ತಿದಾನೆ ಅಂತ ಹೇಳು ಅಕ್ಕ."

ಅವಳು ಅಳುತ್ತಿಲ್ಲ ಎಂದು ಅವನಿಗೆ ಗೊತ್ತಾಯಿತು, ಅಳುವಾಗ ಅವಳ ಮೂಗು ಸದ್ದು ಮಾಡುತ್ತದೆ. ಹಿಂದೆ ಆಗಿನ ಆ ಮೋಟಾರು ಬೈಕಿನ ಸದ್ದು ಇತ್ತು. ಈಗ ಅದು ಆರುತ್ತಿರಲಿಲ್ಲ, ಎಡೆಬಿಡದೆ ಒಂದೇ ಸಮ ಕೂಗುತ್ತಿತ್ತು. ನಡುನಡುವೆ ಏನನ್ನೋ ಕಚ್ಚಿದಂತೆ ದಪ್ಪಗಾಗುತ್ತಿತ್ತು, ಬಿಟ್ಟಂತೆ ತೆಳ್ಳಗಾಗುತ್ತಿತ್ತು. ಅದು ಬೈಕಲ್ಲ, ಮೋಟಾರು ಗರಗಸ.

"ಅಕ್ಕ, ಅವ್ರಿಗೆ ಹೇಳಿದ್ಯಾ? ಎಲ್ಲಿದಾರೆ ಅವ್ರು?"

"ಯಾಕೋ" ಎಂದಳು ಅಕ್ಕ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ತಲೆಯೆತ್ತಿ ಮೇಲೆ ನೋಡುತ್ತ ನಿಜವಾಗಿಯೂ ಕೇಳುತ್ತಿದ್ದಳು. "ನಿಂಗೆ ಕಾಣ್ತಿಲ್ವಾ?"

ಪರದೆಯ ಮೇಲೆ ಹಳ್ಳ ಹಸಿರಾಗಿತ್ತು.